ರಕ್ಕಸನ ಕಾಲಿನ ಲೆಕ್ಕ

ಅಕ್ಕನ ಮಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಶಾಲೆಯ ಕೈಬರಹದ ಪತ್ರಿಕೆಗೆ ಅಂತ ಒಂದು ಕತೆ ಬರೆದು ತಂದಿದ್ದ. ಹೆಸರು 'ಬೇಕಲ ಕೋಟೆಗೆ ಬಂದ ರಕ್ಕಸ'. ಬೇಕಲ ಅಂದರೆ ನಮ್ಮ ಕಾಸರಗೋಡಿನ ಕಡಲ ದಡದ ಕೋಟೆ. ಎರಡೇ ಪುಟ. ಸಮುದ್ರದಿಂದ 50 ಮೀಟರ್ ಎತ್ತರದ ಒಂದು ಪ್ರಾಣಿ ಎದ್ದು ಬರುತ್ತದೆ. ಕೋಟೆಯನ್ನು ಮೆಟ್ಟುತ್ತದೆ. ರೈಲನ್ನು ಎತ್ತಿ ಎಸೆಯುತ್ತದೆ. ಚಂದ್ರಗಿರಿ ಹೊಳೆಯನ್ನು ಎರಡು ಹೆಜ್ಜೆಯಲ್ಲಿ ದಾಟುತ್ತದೆ. ಕೊನೆಗೆ ಮಿಲಿಟರಿ ಬರುತ್ತದೆ, ಬಾಂಬ್ ಹಾಕುತ್ತದೆ, ಕತೆ ಮುಗಿಯುತ್ತದೆ.

"ಹೇಗಿದೆ ಮಾವ?" ಅಂದ.

"ಚೆನ್ನಾಗಿದೆ. ಆದ್ರೆ ಹೆದರಿಕೆ ಆಗ್ಲಿಲ್ಲ."

ಅವನು ಸ್ವಲ್ಪ ಯೋಚಿಸಿದ. "ಹಾಗಾದ್ರೆ ನೂರು ಮೀಟರ್ ಮಾಡ್ಲಾ?"

ದೈತ್ಯಪ್ರಾಣಿಗಳ ಕತೆ ಬರೆಯುವ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಹೆದರಿಕೆ ಸಾಲದಿದ್ದರೆ ಎತ್ತರ ಜಾಸ್ತಿ ಮಾಡುವುದು. ಅದು ಯಾಕೆ ಕೆಲಸ ಮಾಡುವುದಿಲ್ಲ ಅಂತ ಅವನಿಗೆ ಹೇಳಹೊರಟೆ. ಅರ್ಧ ಅಂಗಳದಲ್ಲಿ ನಿಂತು ಹೇಳಿದ್ದು, ಅರ್ಧ ಆಮೇಲೆ ನನಗೇ ಹೊಳೆದದ್ದು. ಎರಡೂ ಸೇರಿ ಈ ಬರಹ.

ಅಂಗಳದ ಮೂಲೆಯಲ್ಲಿ ಕಂಪೌಂಡು ಕಟ್ಟಿ ಉಳಿದ ಮುರಕಲ್ಲುಗಳು, ಅಂದರೆ ಜಂಬಿಟ್ಟಿಗೆ ಕಲ್ಲುಗಳಿದ್ದವು. ಒಂದು ಕಲ್ಲನ್ನು ಬೇರೆ ಇಡು ಅಂದೆ. ಇಟ್ಟ. ಇನ್ನು ಅದೇ ಆಕಾರದ, ಎಲ್ಲಾ ಕಡೆಯಿಂದಲೂ ಎರಡು ಪಟ್ಟು ದೊಡ್ಡದಾದ ಕಲ್ಲು ಬೇಕು, ಉಳಿದ ಕಲ್ಲುಗಳಿಂದ ಕಟ್ಟು ಅಂದೆ. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಅದರ ಮೇಲೆ ಮತ್ತೊಂದು ವರಸೆ. ಒಟ್ಟು ಎಂಟು ಕಲ್ಲು. ಎಂಟು ಹೊರುವಷ್ಟರಲ್ಲಿ ಬೆವರಿ ನೀರಾಗಿದ್ದ. "ನೆಲಕ್ಕೆ ತಾಗುವುದು ಎಷ್ಟು?" ಅಂದೆ. ಬಗ್ಗಿ ನೋಡಿ, "ನಾಲ್ಕು" ಅಂದ.

ಎಲ್ಲ ಇರುವುದು ಅಷ್ಟರಲ್ಲೇ. ಎತ್ತರ ಎರಡು ಪಟ್ಟಾದರೆ ಭಾರ ಎಂಟು ಪಟ್ಟಾಗುತ್ತದೆ, ಆ ಭಾರ ಹೊರುವ ಕಾಲಿನ ಅಡ್ಡಕೊಯ್ತ ಮಾತ್ರ ನಾಲ್ಕು ಪಟ್ಟು. ಹಾಗಾಗಿ ಕಾಲಿನ ಒಂದೊಂದು ಬೆರಳಗಲ ಎಲುಬಿನ ಮೇಲೂ ಹೊರೆ ಎರಡು ಪಟ್ಟು. ಎತ್ತರ ಹತ್ತು ಪಟ್ಟಾದರೆ ಭಾರ ಸಾವಿರ ಪಟ್ಟು, ಕಾಲು ನೂರು ಪಟ್ಟು, ಹೊರೆ ಹತ್ತು ಪಟ್ಟು. ದೊಡ್ಡದಾದಷ್ಟೂ ಪ್ರಾಣಿ ತನ್ನ ಭಾರಕ್ಕೇ ಸೋಲುತ್ತಾ ಹೋಗುತ್ತದೆ.

ಇದನ್ನು ಮೊದಲು ಸರಿಯಾಗಿ ಬರೆದಿಟ್ಟವನು ಗೆಲಿಲಿಯೋ. 1638ರಲ್ಲಿ ಬಂದ ಅವನ ಪುಸ್ತಕದಲ್ಲಿ ಎರಡು ಎಲುಬುಗಳ ಚಿತ್ರ ಇದೆ. ಒಂದು ಸಾಮಾನ್ಯದ್ದು. ಇನ್ನೊಂದು ಅದಕ್ಕಿಂತ ಮೂರು ಪಟ್ಟು ಉದ್ದದ್ದು, ಆದರೆ ದಪ್ಪ ಮೂರು ಪಟ್ಟಿಗಿಂತ ಎಷ್ಟೋ ಜಾಸ್ತಿ. ದೈತ್ಯನ ಎಲುಬು ದೈತ್ಯನನ್ನು ಹೊರಬೇಕಾದರೆ ಹಾಗೆ ಊದಿಕೊಳ್ಳಲೇಬೇಕು. ಆಮೇಲೆ 1926ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಇದೇ ವಿಷಯದ ಮೇಲೆ ಒಂದು ಸಣ್ಣ ಪ್ರಬಂಧ ಬರೆದರು. ಇವರು ಕೊನೆಗೆ ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ತೀರಿಕೊಂಡವರು. ಮನುಷ್ಯನ ತೊಡೆಯ ಎಲುಬು ಅವನ ಭಾರದ ಹತ್ತು ಪಟ್ಟು ಹೊರೆ ಬಿದ್ದರೆ ಮುರಿಯುತ್ತದೆ, ಆದ್ದರಿಂದ 60 ಅಡಿಯ ರಕ್ಕಸ ಒಂದು ಹೆಜ್ಜೆ ಇಟ್ಟರೂ ತೊಡೆ ಮುರಿದುಕೊಳ್ಳುತ್ತಾನೆ ಎಂದು ಅವರು ಲೆಕ್ಕ ಹಾಕಿದ್ದರು.

ನಮ್ಮ ಅಡಿಕೆ ಮರ ನೋಡಿ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಹತ್ತುವವರಿಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತು. ಅಡಿಕೆ ಮರದ ಕಾಂಡ ವರ್ಷ ಕಳೆದಂತೆ ಮಾವಿನ ಮರದ ಹಾಗೆ ದಪ್ಪ ಆಗುವುದಿಲ್ಲ, ಮೇಲಕ್ಕೆ ಮಾತ್ರ ಹೋಗುತ್ತದೆ. ಹಳೆಯ ಮರದ ತುದಿ ತಲುಪಿದಾಗ ಮರ ಒಲೆಯುವ ರೀತಿಯೇ ಬೇರೆ. ಅನುಭವ ಇದ್ದವರು ಅಂಥ ಮರಕ್ಕೆ ಕೈ ಇಟ್ಟು ನೋಡಿ ಸುಮ್ನೆ ಮುಂದೆ ಹೋಗುತ್ತಾರೆ.

ಇನ್ನು ಹುಡುಗನ 50 ಮೀಟರ್ ರಕ್ಕಸನಿಗೆ ಬರೋಣ. 50 ಮೀಟರ್ ಅಂದರೆ ಎರಡು ಒಳ್ಳೆಯ ತೆಂಗಿನ ಮರ, ಒಂದರ ಮೇಲೊಂದು ನಿಲ್ಲಿಸಿದ ಹಾಗೆ. ಈ ಅಂಕಿ ಅವನು ಎಲ್ಲಿಂದ ತಂದ ಅಂತ ನನಗೆ ಗೊತ್ತು. 1954ರ ಜಪಾನಿನ ಸಿನಿಮಾದ ರಕ್ಕಸಪ್ರಾಣಿ ಗಾಡ್ಜಿಲ್ಲಾ ಅಷ್ಟೇ ಎತ್ತರ ಇತ್ತು. ಮನುಷ್ಯನನ್ನೇ ಹಿಗ್ಗಿಸಿ 50 ಮೀಟರ್ ಮಾಡಿದರೆ ಭಾರ ಸುಮಾರು 1,800 ಟನ್ ಆಗುತ್ತದೆ, ಎಲುಬಿನ ಮೇಲೆ ಹೊರೆ ನಮಗಿಂತ 29 ಪಟ್ಟು. ಹಾಲ್ಡೇನ್ ಹೇಳಿದ ಹತ್ತು ಪಟ್ಟು ಎಂದೋ ದಾಟಿತು. ನಡೆಯುವುದು ಬಿಡಿ, ನಿಂತಲ್ಲೇ ಮುರಿಯುತ್ತದೆ. ಗಾಡ್ಜಿಲ್ಲಾದ ಭಾರ ಅದನ್ನು ಹುಟ್ಟುಹಾಕಿದವರೇ ಹೇಳಿದಂತೆ 20,000 ಟನ್!

ಅಷ್ಟು ಭಾರದ್ದು ನಮ್ಮ ಪದವಿನ (ಮುರಕಲ್ಲಿನ ಎತ್ತರದ ಬಯಲು) ಮೇಲೆ ನಿಂತರೆ? ಇದನ್ನು ಕಾಗದದಲ್ಲಿ ಲೆಕ್ಕ ಹಾಕಿದೆವು. ಒಂದೊಂದು ಪಾದ 10 ಮೀಟರ್ ಉದ್ದ, 5 ಮೀಟರ್ ಅಗಲ ಅಂತ ಇಟ್ಟುಕೊಳ್ಳೋಣ. ಎರಡೂ ಕಾಲು ಊರಿ ನಿಂತರೆ ನೆಲದ ಒಂದೊಂದು ಚದರ ಸೆಂಟಿಮೀಟರ್ ಮೇಲೆ 20 ಕಿಲೋ ಬೀಳುತ್ತದೆ. ಕಟ್ಟಡಕ್ಕೆ ಬಳಸುವ ಮುರಕಲ್ಲು ಕನಿಷ್ಠ 35 ಕಿಲೋ ತಡೆಯಬೇಕು ಎಂಬುದು ನಮ್ಮಲ್ಲಿನ ಮಾನದಂಡ. ಅಂದರೆ ನಿಂತರೆ ಪದವು ತಡೆಯಿತು ಅನ್ನೋಣ. ಆದರೆ ನಡೆಯಬೇಕಾದರೆ ಒಂದು ಕಾಲು ಎತ್ತಬೇಕಲ್ವಾ? ಎತ್ತಿದ ಕ್ಷಣ 40 ಕಿಲೋ. ಕಲ್ಲು ಪುಡಿ. ಮೇಲಿನ ಗಟ್ಟಿ ಪದರದ ಅಡಿಯಲ್ಲಿ ಇರುವುದು ಮೆತ್ತನೆಯ ಶೇಡಿ ಮಣ್ಣು, ಅದರ ವಿಷಯ ಬಾವಿ ತೋಡಿದವರನ್ನು ಕೇಳಬೇಕು. ರಕ್ಕಸ ಸೊಂಟದವರೆಗೆ ಹುಗಿದು ನಿಲ್ಲುತ್ತಾನೆ. ಗದ್ದೆಗೆ ಇಳಿದರಂತೂ ಮಳೆಗಾಲದಲ್ಲಿ ಹೂತ ಲಾರಿಯ ಕತೆಯೇ.

ಹುಡುಗನಿಗೆ ಇದು ಭಾರೀ ಖುಷಿ ಕೊಟ್ಟಿತು. "ಮಿಲಿಟರಿ ಬೇಡ ಮಾವ, ಜೆಸಿಬಿ ಸಾಕು" ಅಂದ.

ಕಾಲು ಬಿಟ್ಟು ಉಳಿದದ್ದನ್ನು ಬೇಗ ನೋಡಿಬಿಡೋಣ. ರಕ್ತವನ್ನು ಒಂದು ಮೀಟರ್ ಮೇಲಕ್ಕೆ ಏರಿಸಲು ಬಿ.ಪಿ.ಯ ಲೆಕ್ಕದಲ್ಲಿ ಸುಮಾರು 78 ಬೇಕು. ಎದೆಯಿಂದ ತಲೆಗೆ 15 ಮೀಟರ್ ಇದ್ದರೆ ಹೆಚ್ಚು ಕಡಿಮೆ 1,200. ನಮ್ಮದು 120 ಇದ್ದರೆ ಸರಿ, 160 ಆದರೆ ಡಾಕ್ಟರು ಉಪ್ಪು ಬಿಡಿಸುತ್ತಾರೆ. ನರದಲ್ಲಿ ಸುದ್ದಿ ಓಡುವ ವೇಗ ಸೆಕೆಂಡಿಗೆ ಸುಮಾರು 100 ಮೀಟರ್. ಬಾಲದ ತುದಿ ಮಿದುಳಿನಿಂದ 70 ಮೀಟರ್ ದೂರ ಇದ್ದರೆ, ಬಾಲಕ್ಕೆ ಬೆಂಕಿ ತಾಗಿ ಅದನ್ನು ಎಳೆದುಕೊಳ್ಳುವಷ್ಟರಲ್ಲಿ ಒಂದೂವರೆ ಸೆಕೆಂಡ್ ಆಯಿತು. ಇನ್ನು ಹೊಟ್ಟೆ. ಪ್ರಾಣಿ ದೊಡ್ಡದಾದಂತೆ ಕಿಲೋಗೆ ಬೇಕಾದ ಆಹಾರ ಕಡಿಮೆಯಾಗುತ್ತಾ ಹೋಗುತ್ತದೆ, ಈ ನಿಯಮವನ್ನು 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಕಂಡುಕೊಂಡಿದ್ದ. ಆ ರಿಯಾಯಿತಿ ಕೊಟ್ಟು ಆನೆಯ ಲೆಕ್ಕದಿಂದ ಏರಿಸಿದರೂ 20,000 ಟನ್ನಿನ ಪ್ರಾಣಿಗೆ ದಿನಕ್ಕೆ 90 ಟನ್ ಸೊಪ್ಪು ಬೇಕು. ಒಂಬತ್ತು ಲಾರಿ. ದಿನಾ.

ಕುಂಭಕರ್ಣನ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಈ ಲೆಕ್ಕ ಹಾಕಿದ ಮೇಲೆ. ಅವನನ್ನು ಆರು ತಿಂಗಳು ಮಲಗಿಸಿದ ಕವಿಗೆ ಊಟದ ಖರ್ಚು ಸರಿಯಾಗಿ ಗೊತ್ತಿತ್ತು. ಅಷ್ಟು ದೊಡ್ಡ ದೇಹ ದಿನಾ ಎಚ್ಚರ ಇದ್ದರೆ ಲಂಕೆಯಲ್ಲಿ ಬೇರೆಯವರಿಗೆ ಗಂಜಿ ಇರುತ್ತಿರಲಿಲ್ಲ.

ಹಾಗಾದರೆ ನಿಜವಾಗಿ ದೊಡ್ಡ ಪ್ರಾಣಿಗಳು ಹೇಗಿವೆ? ಆನೆ ಇದೆ, ಗಂಡಾನೆಯಾದರೆ ಆರು ಟನ್ ವರೆಗೆ. ಅದರ ಕಾಲು ನೋಡಿ, ಕಂಬ. ಮೊಣಕಾಲು ಮಡಚಿ ಹಾರುವ ಆಟ ಅದಕ್ಕಿಲ್ಲ. ನೆಲದ ಮೇಲೆ ನಡೆದದ್ದರಲ್ಲಿ ಅತಿ ದೊಡ್ಡ ಡೈನೋಸಾರ್‌ಗಳು 70 ಟನ್ ಇದ್ದಿರಬಹುದು ಅಂತ ಅಂದಾಜು. ಅದಕ್ಕಿಂತ ದೊಡ್ಡದಾಗಬೇಕಾದರೆ ನೀರಿಗೇ ಇಳಿಯಬೇಕು. ನೀಲಿ ತಿಮಿಂಗಿಲ 30 ಮೀಟರ್ ಉದ್ದ, 150 ಟನ್ ದಾಟುತ್ತದೆ. ಅದರ ಭಾರ ಹೊರುವುದು ಸಮುದ್ರ. ಅದೇ ತಿಮಿಂಗಿಲ ದಡಕ್ಕೆ ಬಂದು ಬಿದ್ದರೆ ತನ್ನ ಮೈಭಾರಕ್ಕೆ ತಾನೇ ಉಸಿರು ಕಟ್ಟುತ್ತದೆ.

ಅದರ ಎದೆಬಡಿತದ ಒಂದು ಸಂಗತಿ ಇದೆ, ನನಗೆ ತುಂಬಾ ಇಷ್ಟವಾದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ನೀಲಿ ತಿಮಿಂಗಿಲದ ಮೈಗೆ ಅಂಟುವ ಯಂತ್ರ ಇಟ್ಟು ಅದರ ಹೃದಯ ಬಡಿತ ಅಳೆದರು. 2019ರಲ್ಲಿ ಅದು ಪ್ರಕಟವಾಯಿತು. ಆಳಕ್ಕೆ ಮುಳುಗಿದಾಗ ನಿಮಿಷಕ್ಕೆ ಎರಡೇ ಬಡಿತದವರೆಗೂ ಇಳಿಯುತ್ತದೆ. ಮೇಲೆ ಬಂದು ಉಸಿರು ತೆಗೆದುಕೊಳ್ಳುವಾಗ 37ರ ವರೆಗೆ ಏರುತ್ತದೆ. ನಿಮಿಷಕ್ಕೆ ಎರಡು! ಒಂದು ಬಡಿತ ಆದ ಮೇಲೆ ಒಂದರಿಂದ ಮೂವತ್ತರವರೆಗೆ ಮೆಲ್ಲಗೆ ಎಣಿಸಿ ನೋಡಿ. ಆಗ ಇನ್ನೊಂದು. ಐವತ್ತು ಮೀಟರ್, ನೂರು ಮೀಟರ್ ಅಂತ ಬರೆದಾಗ ಮೈಗೆ ಏನೂ ಆಗುವುದಿಲ್ಲ. ಈ ಎಣಿಕೆ ಮಾಡುವಾಗ ಏನೋ ಆಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ವಿಜ್ಞಾನ ಇಷ್ಟೆಲ್ಲಾ ಆಗುವುದಿಲ್ಲ ಅಂದರೂ ದೈತ್ಯರ ಕತೆ ನಿಂತಿಲ್ಲ. ಯಾಕೆಂದರೆ ಕತೆಗೆ ಒಂದು ಸುಳ್ಳಿನ ಪರವಾನಗಿ ಇದೆ. 'ಇಂಥದ್ದೊಂದು ಇದೆ ಅಂತ ಒಪ್ಪಿಕೋ' ಎಂದು ಓದುಗರನ್ನು ಕೇಳಬಹುದು. ಅವರು ಒಪ್ಪುತ್ತಾರೆ. ಕಾದಂಬರಿಯಲ್ಲಿ ಎರಡನೇ ಸುಳ್ಳು, ಮೂರನೇ ಸುಳ್ಳು ಹೇಳಿ ಅದಕ್ಕೆ ಕಾರಣ ಕೊಡಲು ಜಾಗ ಇದೆ. ನಾಲ್ಕು ಪುಟದ ಸಣ್ಣಕತೆಯಲ್ಲಿ ಇಲ್ಲ. ಅಲ್ಲಿ ಒಂದೇ ಸುಳ್ಳು, ಉಳಿದದ್ದೆಲ್ಲ ಅದಕ್ಕೆ ತಕ್ಕ ನಿಜ ಇರಬೇಕು. ಪ್ರಾಣಿ ಇದೆ ಅಂತ ಆದಮೇಲೆ ಅದು ಕಾಲಿಟ್ಟಲ್ಲಿ ಪದವು ಕುಸಿಯಲೇಬೇಕು, ಬಾವಿಯ ನೀರು ಕೆಂಪಾಗಲೇಬೇಕು. ನಮ್ಮ ಹುಡುಗನ ಕತೆಯಲ್ಲಿ ರಕ್ಕಸ ಊರೆಲ್ಲ ಓಡಾಡಿದರೂ ಒಂದು ಬಾವಿಯೂ ಕಲಕಲಿಲ್ಲ. ಹೆದರಿಕೆ ಆಗದ್ದು ಅದಕ್ಕೇ.

ಗಾಡ್ಜಿಲ್ಲಾ ನಿಂತದ್ದೂ ಹೀಗೇ. ಅದರ ಹಿಂದಿನ ನಿಜ ದೊಡ್ಡದು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಹಿರೋಷಿಮಾದ ಬಾಂಬಿನ ಸಾವಿರ ಪಟ್ಟು ಶಕ್ತಿ. ಅಪಾಯದ ವಲಯ ಅಂತ ಗುರುತು ಹಾಕಿದ್ದಕ್ಕಿಂತ ಹೊರಗೆ ಮೀನು ಹಿಡಿಯುತ್ತಿದ್ದ ಒಂದು ಜಪಾನಿ ದೋಣಿಯ ಮೇಲೆ ಬಿಳಿ ಬೂದಿ ಸುರಿಯಿತು. ದೋಣಿಯಲ್ಲಿ 23 ಜನ. ಎಲ್ಲರಿಗೂ ಕಾಯಿಲೆ, ಸೆಪ್ಟೆಂಬರ್‌ನಲ್ಲಿ ಒಬ್ಬರು ತೀರಿಕೊಂಡರು. ನವೆಂಬರ್ 3ಕ್ಕೆ ಸಿನಿಮಾ ಬಂತು, ಶುರುವಾಗುವುದೇ ಸಮುದ್ರದಲ್ಲಿ ಒಂದು ದೋಣಿ ನಾಶವಾಗುವುದರಿಂದ. ಥಿಯೇಟರಿನಲ್ಲಿ ಕೂತವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬಾಂಬ್ ಎಷ್ಟು ದೊಡ್ಡದು ಅಂತ ಯಾರ ಕಣ್ಣಿಗೂ ಅಳೆಯಲು ಆಗಿರಲಿಲ್ಲ. ಅದಕ್ಕೆ ಕಾಲು, ಬಾಲ ಕೊಟ್ಟಾಗ ಅಳತೆ ಸಿಕ್ಕಿತು.

ಎತ್ತರದ ವಿಷಯವೂ ಹಾಗೆಯೇ. ಆಗಿನ ಟೋಕಿಯೋದ ಕಟ್ಟಡಗಳ ಮೇಲಿಂದ ತಲೆ ಕಾಣಲು 50 ಮೀಟರ್ ಸಾಕಿತ್ತು. 1984ರ ಸಿನಿಮಾದಲ್ಲಿ ಅದು 80 ಆಯಿತು, 2016ರಲ್ಲಿ 118.5. ಊರು ಬೆಳೆದಂತೆ ರಕ್ಕಸನೂ ಬೆಳೆಯಬೇಕಾಯಿತು. ಅಂದರೆ ಎತ್ತರ ಪ್ರಾಣಿಯದ್ದಲ್ಲ, ಊರಿನದ್ದು. ನಮ್ಮ ಕಡೆಯ ಹಳ್ಳಿಗಳಾದ ಎಣ್ಮಕಜೆಯಲ್ಲೋ ಬಾಯಾರಿನಲ್ಲೋ ನಡೆಯುವ ಕತೆಗೆ ನೂರು ಮೀಟರ್ ಯಾಕೆ? ನಮ್ಮಲ್ಲಿ ಕಣ್ಣಳತೆಯ ಕೋಲು ಅಂದರೆ ತೆಂಗಿನ ಮರ, ಅಡಿಕೆ ಮರ, ಬಾವಿಯಾದರೆ ಆಳು, ಅಂದರೆ ಒಬ್ಬ ಮನುಷ್ಯನ ಎತ್ತರ. 'ಹತ್ತಾಳು ಬಾವಿ' ಅಂದರೆ ಕೂಡಲೇ ಕಾಲು ನಡುಗುತ್ತದೆ. '17 ಮೀಟರ್' ಅಂದರೆ ಏನೂ ಆಗುವುದಿಲ್ಲ.

ಈಗ ಅತಿ ಮುಖ್ಯದ್ದಕ್ಕೆ ಬರುತ್ತೇನೆ. ದೊಡ್ಡದನ್ನು ತೋರಿಸುವುದು ಹೇಗೆ? ಇದಕ್ಕೆ ಕಾಸರಗೋಡಿನವರು ಜಪಾನಿಗೆ ಹೋಗಬೇಕಾಗಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಇದೆ.

ನಾನು ಚಿಕ್ಕವನಿದ್ದಾಗ ಯಕ್ಷಗಾನ ಆಟದ ದಿನ ಸಂಜೆಯೇ ವೇಷ ಕಟ್ಟುವ ಚೌಕಿಗೆ ಹೋಗಿ ಇಣುಕುತ್ತಿದ್ದೆ. ಬಣ್ಣದ ವೇಷದವರು, ಅಂದರೆ ರಕ್ಕಸನ ಪಾತ್ರದವರು, ಕನ್ನಡಿ ಹಿಡಿದು ಕೂತಿರುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುವುದು. ಗಂಟೆಗಟ್ಟಲೆ. ಮಾತಾಡಬಾರದು, ನಗಬಾರದು, ಚಿಟ್ಟಿ ಉದುರುತ್ತದೆ. ಆಸಾಮಿ ನನ್ನ ಅಪ್ಪನಿಗಿಂತಲೂ ಗಿಡ್ಡ. ಅವರು ಹಾಗೆ ಕೂತದ್ದನ್ನು ನೋಡಿದವನು ನಾನೇ. ರಾತ್ರಿ ಅದೇ ಮನುಷ್ಯ ರಂಗಸ್ಥಳಕ್ಕೆ ಬಂದಾಗ ಅಮ್ಮನ ಸೆರಗಿನಡಿ ಸೇರಿದವನೂ ನಾನೇ.

ನಡುವೆ ಏನಾಯಿತು? ತೆರೆ ಬಂತು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನಲ್ಲಿ ಇದಕ್ಕೆ ತೆರೆಪೊರಪ್ಪಾಡು ಅನ್ನುತ್ತಾರೆ. ಇಬ್ಬರು ಒಂದು ಬಟ್ಟೆ ಹಿಡಿದು ನಿಲ್ಲುತ್ತಾರೆ. ಹಿಂದೆ ವೇಷ. ಮೊದಲು ಚೆಂಡೆ ಏರುತ್ತದೆ. ಆಮೇಲೆ ಒಂದು ಆರ್ಭಟೆ, ಮುಖ ಕಾಣದೆ. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಅಲ್ಲಾಡುತ್ತದೆ. ಬೆರಳು ಬಂದು ಬಟ್ಟೆಯನ್ನು ಹಿಡಿಯುತ್ತದೆ. ತೆರೆ ಚೂರು ತಗ್ಗುತ್ತದೆ, ಕಣ್ಣು ಕಂಡಿತು ಅನ್ನುವಷ್ಟರಲ್ಲಿ ಮತ್ತೆ ಮುಚ್ಚುತ್ತದೆ. ಪ್ರೇಕ್ಷಕರ ತಲೆಯೊಳಗೆ ರಕ್ಕಸ ಬೆಳೆಯುವುದು ಆ ಹೊತ್ತಿನಲ್ಲಿ. ತೆರೆ ಪೂರ್ತಿ ಸರಿದ ಮೇಲೆ ಬಂದದ್ದು ಐದೂವರೆ ಅಡಿಯ ಮನುಷ್ಯ ಆಗಿದ್ದರೂ ತಡವಾಗಿ ಹೋಗಿರುತ್ತದೆ. ಮಹಿಷಾಸುರನಿಗಂತೂ ರಂಗಸ್ಥಳವೇ ಸಾಲದು. ದೂರದ ಕತ್ತಲೆಯಲ್ಲಿ ದೊಂದಿ ಕಾಣುತ್ತದೆ, ರಾಳದ ಪುಡಿ ಎರಚಿ ಬೆಂಕಿ ಭುಗ್ಗೆನ್ನುತ್ತದೆ, ಜನರ ನಡುವಿನಿಂದಲೇ ಕೋಡು ಬರುತ್ತದೆ. ನಿದ್ದೆಗೆ ಜಾರಿದ್ದ ಮಕ್ಕಳೆಲ್ಲ ಎದ್ದು ಕೂಗುವ ಹೊತ್ತು ಅದು.

ಇನ್ನೊಂದು ಗುಟ್ಟು ನಡೆಯಲ್ಲಿದೆ. ಎಳೆಯ ವೀರರ ಪುಂಡುವೇಷ ಗಿರ್ರನೆ ತಿರುಗುತ್ತದೆ, ಹಾರಿ ಸುತ್ತುವ ಧೀಂಗಿಣ ಹಾಕುತ್ತದೆ. ಬಣ್ಣದ ವೇಷ ಹಾಗೆ ಮಾಡಿದರೆ ಸಣ್ಣದಾಗಿಬಿಡುತ್ತದೆ. ಅದರ ಹೆಜ್ಜೆಗೆ ತೂಕ ಬೇಕು, ತಡ ಬೇಕು. ಇದರ ಹಿಂದೆ ಗಟ್ಟಿ ಭೌತಶಾಸ್ತ್ರ ಇದೆ. ಎರಡು ಮೀಟರ್ ಮೇಲಿಂದ ಬಿದ್ದ ತೆಂಗಿನಕಾಯಿ ನೆಲ ಮುಟ್ಟಲು 0.64 ಸೆಕೆಂಡ್ ಸಾಕು. 50 ಮೀಟರ್‌ನಿಂದ ಬೀಳಲು 3.2 ಸೆಕೆಂಡ್ ಬೇಕು. ಎತ್ತರ 25 ಪಟ್ಟಾದರೆ ಹೊತ್ತು ಐದು ಪಟ್ಟು. ಕಾಲು ಬೀಸುವುದು, ಕೈ ಇಳಿಯುವುದು ಎಲ್ಲ ಅದೇ ಲೆಕ್ಕದಲ್ಲಿ ನಿಧಾನ. ಗಾಡ್ಜಿಲ್ಲಾದಲ್ಲಿ ನಡೆದದ್ದು ಹರುವೋ ನಕಾಜಿಮಾ ಎಂಬ ನಟ, ಮೈಮೇಲೆ ನೂರು ಕಿಲೋ ಹತ್ತಿರದ ರಬ್ಬರಿನ ವೇಷ. ಸುತ್ತ 25ಕ್ಕೆ ಒಂದರಂತೆ ಕುಗ್ಗಿಸಿ ಕಟ್ಟಿದ ಊರು. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಿತ್ರ ತೆಗೆದರು, ತೆರೆಯ ಮೇಲೆ ಎಲ್ಲ ನಿಧಾನ ಆಯಿತು, ನಿಧಾನ ಆದದ್ದಕ್ಕೆ ದೊಡ್ಡದಾಯಿತು. ಆ ಗರ್ಜನೆಯೂ ಯಾವ ಪ್ರಾಣಿಯದ್ದೂ ಅಲ್ಲ. ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ದೊಡ್ಡ ತಂತಿವಾದ್ಯದ ಸಡಿಲ ತಂತಿಯನ್ನು ಎಳೆದದ್ದು. ಅಲ್ಲಿ ರಾಳ ಸದ್ದಿಗೆ, ನಮ್ಮಲ್ಲಿ ಬೆಂಕಿಗೆ.

ಬರವಣಿಗೆಯಲ್ಲೂ ಇದು ಹೊಂದುತ್ತದೆ. 'ಅದು ಧಡಧಡನೆ ಓಡಿ ಬಂದು ಕೋಟೆ ಹಾರಿತು' ಅಂತ ಬರೆದರೆ ಓದುಗರ ತಲೆಯಲ್ಲಿ ನಾಯಿ ಬರುತ್ತದೆ. 'ಒಂದು ಕಾಲು ಎತ್ತಿತು. ಅಜ್ಜಿ ದನದ ಹಗ್ಗ ಬಿಚ್ಚಿ, ಕರುವನ್ನೂ ಬಿಚ್ಚಿ, ಗುಡ್ಡೆಯ ಕಡೆ ನಾಲ್ಕು ಹೆಜ್ಜೆ ಹಾಕಿದರು. ಆಗ ಕಾಲು ಇಳಿಯಿತು' ಅಂತ ಬರೆದರೆ ಮೀಟರ್ ಹೇಳಬೇಕಾಗಿಲ್ಲ.

ಹುಡುಗ ಇಷ್ಟು ಕೇಳಿ, "ಹಾಗಾದ್ರೆ ಗುಳಿಗನನ್ನು ತರಬಹುದಲ್ವಾ ಮಾವ? ಅವನಿಗೂ ಭಾರೀ ಹಸಿವು" ಅಂದ. ಗುಳಿಗ ನಮ್ಮ ಕಡೆಯ ದೈವ. ಬೇಡ ಅಂದೆ. ಕಾರಣ ಹೆದರಿಕೆ ಅಲ್ಲ. ದೈವಕ್ಕೆ ನಾವು ದೂರು ಹೇಳುತ್ತೇವೆ, ಅದು ಕೇಳುತ್ತದೆ, ನುಡಿ ಕೊಡುತ್ತದೆ. ಕೊಡದಿದ್ದರೆ ಜಗಳವೂ ಆಡುತ್ತೇವೆ. ಅದು ನೆರೆಮನೆ. ದೈತ್ಯಪ್ರಾಣಿಯ ಕತೆಯ ಹೆದರಿಕೆ ಇರುವುದೇ ಅದಕ್ಕೆ ನಮ್ಮ ಮಾತು ಕೇಳುವುದಿಲ್ಲ ಎಂಬಲ್ಲಿ. ನಮ್ಮ ಮೇಲೆ ಅದಕ್ಕೆ ಸಿಟ್ಟೂ ಇಲ್ಲ. ನಾವಿದ್ದೇವೆ ಅಂತಲೇ ಗೊತ್ತಿಲ್ಲ.

ಹಾಗೆ ಮಾತು ಕೇಳದ ದೊಡ್ಡದೊಂದು ಈ ಜಿಲ್ಲೆಗೆ ಬಂದು ಹೋಗಿದೆ. ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಜೇನು ಸತ್ತವು, ಮೀನು ಸತ್ತವು, ಕಪ್ಪೆ ಸತ್ತವು. ಆಮೇಲೆ ಮನೆಗಳೊಳಗಿನ ಕಾಯಿಲೆಗಳು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಬಾವಿಯ ಬಾಯಿಗೆ ಮುಚ್ಚಳ ಹಾಕಬಹುದು. ಗುಡ್ಡೆಯ ಸುರಂಗದಿಂದ ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ಕಾಲುವೆ) ಹರಿದು ಬರುವ ನೀರಿಗೆ ಮುಚ್ಚಳ ಹಾಕುವುದು ಹೇಗೆ?

ಇದರಿಂದ ಒಂದು ದೈತ್ಯನ ಕತೆ ಹುಟ್ಟಬಹುದು ಅಂತ ಯಾರಿಗಾದರೂ ಹೊಳೆಯುತ್ತದೆ. ಜಪಾನಿನವರು ಬಾಂಬಿನಿಂದ ಮಾಡಿದರು, ನಾವು ಇದರಿಂದ ಮಾಡೋಣ ಅಂತ. ಹುಷಾರಾಗಿರಬೇಕು. ವಿಷ ತಾಗಿ ಏನೋ ವಿಕಾರವಾಗಿ ಬೆಳೆದು ಊರ ಮೇಲೆ ಬಂತು ಎಂಬ ಕತೆಯನ್ನು ನಾನಂತೂ ಬರೆಯಲಾರೆ. ಇಲ್ಲಿಯ ಮಕ್ಕಳ ಫೋಟೋಗಳನ್ನು ಹೊರಗಿನವರು ನೋಡಿದ ನೋಟ ನಮಗೆ ಗೊತ್ತಿದೆ. ವಿಷ ತಾಗಿದವರನ್ನೇ ರಕ್ಕಸ ಮಾಡುವ ಕತೆ ಅದೇ ನೋಟದ ಮುಂದುವರಿಕೆ. ಇಲ್ಲಿ ದೊಡ್ಡದಾಗಿದ್ದದ್ದು ಹೆಲಿಕಾಪ್ಟರಿನ ಸದ್ದು, ಆಮೇಲಿನ ಇಪ್ಪತ್ತು ವರ್ಷಗಳ ಸುಮ್ಮನಿರುವಿಕೆ. ಅದಕ್ಕೆ ಕಾಲು, ಬಾಲ ಕೊಡಬಲ್ಲ ಲೇಖಕರು ಬಂದರೆ ನಾನು ಓದುತ್ತೇನೆ.

ಆದರೆ ಸುರಂಗ ಎಂಬ ಶಬ್ದ ಬಂದಾಗ ಹುಡುಗನ ಕಿವಿ ನೆಟ್ಟಗಾಯಿತು. ಹೊರಗಿನ ಓದುಗರಿಗೆ ಹೇಳಬೇಕು: ಈ ಕಡೆ ಗುಡ್ಡೆಯ ಮುರಕಲ್ಲಿಗೆ ಅಡ್ಡಲಾಗಿ ಕೊರೆದು ನೀರು ತೆಗೆಯುವ ಪದ್ಧತಿ ಇದೆ. ಒಬ್ಬ ಆಳು ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ. ಒಳಗೆ ಹೋಗುವಾಗ ಕ್ಯಾಂಡಲು ಹಚ್ಚಿಕೊಂಡು ಹೋಗುತ್ತಾರೆ, ಅದು ನಂದಿದರೆ ಗಾಳಿ ಇಲ್ಲ ಅಂತ ಅರ್ಥ, ಹಿಂದೆ ಬರಬೇಕು. ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಕರೆಂಟು ಬೇಡ, ಪಂಪು ಬೇಡ.

ಇಬ್ಬರೂ ಸೇರಿ ಅಂಗಳದಲ್ಲೇ ಹೊಸ ಕತೆ ಕಟ್ಟಿದೆವು. ಈ ರಕ್ಕಸ ನಿಲ್ಲುವುದಿಲ್ಲ. ನಿಂತರೆ ತೊಡೆ ಮುರಿಯುತ್ತದೆ ಅಂತ ಈಗ ಗೊತ್ತಿದೆಯಲ್ಲ. ಮಲಗಿದೆ, ಪದವಿನ ಅಡಿಯಲ್ಲಿ, ಶೇಡಿ ಮಣ್ಣಿನೊಳಗೆ. ತಿಮಿಂಗಿಲದ ಭಾರವನ್ನು ಸಮುದ್ರ ಹೊತ್ತ ಹಾಗೆ ಇದರದ್ದನ್ನು ಮಣ್ಣು ಹೊತ್ತಿದೆ. ಕುಂಭಕರ್ಣನಂತೆ ನಿದ್ದೆ, ಹಾಗಾಗಿ ಊಟದ ಲೆಕ್ಕ ಇಲ್ಲ. ಅದು ಅಲ್ಲಿದೆ ಎಂಬುದೊಂದೇ ಸುಳ್ಳು.

ಒಂದು ಮನೆ. ಮನೆಯ ಹಿಂದೆ ಮುತ್ತಜ್ಜ ತೋಡಿಸಿದ ಸುರಂಗ. ಅದರ ನೀರು ಒಂದೇ ಸಮನೆ ಬರುವುದಿಲ್ಲ. ಸಣ್ಣಗೆ ಬರುತ್ತಾ ಇದ್ದು ಒಮ್ಮೆ ಉಕ್ಕಿ ದಂಬೆಯ ಅಂಚಿಗೆ ತಾಗುತ್ತದೆ, ಮತ್ತೆ ಸಣ್ಣಗೆ. ಮನೆಯವರಿಗೆ ಇದು ವಿಶೇಷವೇ ಅಲ್ಲ. 'ನಮ್ಮ ಸುರಂಗದ ಗುಣ ಹಾಗೆ' ಅನ್ನುತ್ತಾರೆ. ಅಜ್ಜಿಗೆ ಕೊಡ ತುಂಬಿಸುವ ಹದ ಗೊತ್ತು, ಉಕ್ಕುವಾಗ ಕೊಡ ಹಿಡಿಯುತ್ತಾರೆ, ಎರಡು ಉಕ್ಕಿಗೆ ಒಂದು ಕೊಡ.

ಒಂದು ಬೇಸಗೆಯಲ್ಲಿ ನೀರು ಕಡಿಮೆಯಾಗಿ ಒಳಗಿನ ಕೆಸರು ತೆಗೆಸಲು ಆಳು ಬರುತ್ತಾನೆ. ಕ್ಯಾಂಡಲು ಹಿಡಿದು ಹೋಗುತ್ತಾನೆ. ಕೊನೆ ತಲುಪಿದಾಗ ಕ್ಯಾಂಡಲು ನಂದುತ್ತದೆ. ಗಾಳಿ ಇಲ್ಲದೆ ನಂದಿದ್ದಲ್ಲ, ಎದುರಿನ ಗೋಡೆಯಿಂದ ಗಾಳಿ ಬೀಸಿ ನಂದಿದ್ದು. ಪಿಕ್ಕಾಸು ಹಾಕುತ್ತಾನೆ. ಠಣ್ ಅನ್ನುವುದಿಲ್ಲ. ಕೈ ಇಟ್ಟು ನೋಡುತ್ತಾನೆ. ಬೆಚ್ಚಗಿದೆ.

ಹೊರಗೆ ಬಂದು ಕೈಕಾಲು ತೊಳೆದುಕೊಳ್ಳುತ್ತಾನೆ. ಚಾ ಕೊಟ್ಟರೆ ಕುಡಿಯುತ್ತಾನೆ. ಸಂಬಳ ಬೇಡ ಅನ್ನುತ್ತಾನೆ.

ಇಲ್ಲಿಗೆ ನಿಲ್ಲಿಸೋಣ ಅಂದೆ. ತೆರೆ ಇಷ್ಟೇ ತಗ್ಗಿದರೆ ಸಾಕು. ಹುಡುಗ ಒಪ್ಪಲಿಲ್ಲ. ಪೆನ್ನು ತೆಗೆದುಕೊಂಡು ಒಳಗೆ ಹೋದ. ರಾತ್ರಿ ಊಟಕ್ಕೆ ಕೂತಾಗ ಪುಸ್ತಕ ತಂದು ಬಟ್ಟಲಿನ ಪಕ್ಕ ಇಟ್ಟ. ಕೊನೆಗೆ ನಾಲ್ಕು ಸಾಲು ಸೇರಿಸಿದ್ದ.

"ಅಜ್ಜಿ ಮರುದಿನ ಕೊಡ ಹಿಡಿದು ಕೂತರು. ಇಷ್ಟು ವರ್ಷ ನೀರು ನಿಮಿಷಕ್ಕೆ ಎರಡು ಸಲ ಉಕ್ಕುತ್ತಿತ್ತು. ಇವತ್ತು ಮೂರು ಸಲ ಉಕ್ಕಿತು. ಸಂಜೆಗೆ ಐದು."